ಶ್ರೀ ವೆಂಕಟನಾಥಾಚಾರ್ಯರ ಬಡತನದ ದಿನಗಳು

ಶ್ರಾವಣ ಬಹುಳ ದ್ವಿತೀಯೆ ಬಂತೆಂದರೆ ಶ್ರೀ ರಾಘವೇಂದ್ರ ಗುರುಸಾರ್ವಭೌಮರ ಮಹಿಮೆಗಳನ್ನು ಕೇಳುತ್ತೇವೆ, ಸಂತರ್ಪಣೆಯಲ್ಲಿ ಪ್ರಸಾದ ಸ್ವೀಕರಿಸುತ್ತೇವೆ. ಆ ಮಹಾನುಭಾವರು ಪೂರ್ವಾಶ್ರಮದಲ್ಲಿ ಹಸಿವಿನಿಂದ ಬಳಲಿದ ಗೃಹಸ್ಥರಾಗಿದ್ದರೆಂಬುದು ಪಂಕ್ತಿಯಲ್ಲಿ ಕುಳಿತಾಗ ನೆನಪಾಗುವುದು ವಿರಳ.

ಮಠದ ಪರಂಪರೆಯಂತೆ 1595ರಲ್ಲಿ ಭುವನಗಿರಿಯಲ್ಲಿ ಜನಿಸಿದ ವೆಂಕಟನಾಥರು ಬಾಲ್ಯದಲ್ಲಿಯೇ ತಂದೆ ತಿಮ್ಮಣ್ಣಭಟ್ಟರನ್ನು ಕಳೆದುಕೊಂಡರು. ಮಧುರೆಯಲ್ಲಿ ಭಾವನವರಾದ ಲಕ್ಷ್ಮೀನರಸಿಂಹಾಚಾರ್ಯರಲ್ಲಿ ಓದಿ, ವಿವಾಹಾನಂತರ ಕುಂಭಕೋಣದಲ್ಲಿ ಶ್ರೀ ಸುಧೀಂದ್ರತೀರ್ಥರಲ್ಲಿ ಶಾಸ್ತ್ರಾಧ್ಯಯನ ಮಾಡಿದರು. ವಿದ್ವತ್ಸಭೆಗಳಲ್ಲಿ ಕೀರ್ತಿ ದೊರೆಯಿತು. ಮನೆಯ ಒಲೆಗೆ ಮಾತ್ರ ಅದರಿಂದ ಏನೂ ಒದಗಲಿಲ್ಲ. ಪಾಠ ಹೇಳಿ ಹಣ ಕೇಳುವುದು ಅವರ ಪದ್ಧತಿಯಾಗಿರಲಿಲ್ಲ.

ಈ ದಾರಿದ್ರ್ಯವನ್ನು ವರ್ಣಿಸಿದವರು ಶ್ರೀರಾಘವೇಂದ್ರವಿಜಯವನ್ನು ರಚಿಸಿದ ನಾರಾಯಣಾಚಾರ್ಯರು. ಅವರು ವೆಂಕಟನಾಥರ ಅಕ್ಕನ ಮಗ. ಮನೆಯವರೇ ಹೇಳಿದ ಮಾತೆಂಬ ಕಾರಣಕ್ಕೆ ಅದಕ್ಕೆ ಹೆಚ್ಚಿನ ಬೆಲೆ. ಏಕಾದಶಿಯಲ್ಲದ ದಿನಗಳಲ್ಲಿಯೂ ಆ ಮನೆಯಲ್ಲಿ ಉಪವಾಸವೇ. ಉಡಲು ಹರಕು ಬಟ್ಟೆ. ಶಾಸ್ತ್ರಚಿಂತನೆಯಲ್ಲಿ ಮುಳುಗಿದವರಿಗೆ ಹಸಿವು ಮರೆತೀತು. ಮಡಿಲಲ್ಲಿ ಮಗು ಲಕ್ಷ್ಮೀನಾರಾಯಣನನ್ನಿಟ್ಟುಕೊಂಡ ಸರಸ್ವತೀಬಾಯಿಯವರಿಗೆ ಹೇಗೆ ಮರೆತೀತು? ಆ ಸಾಧ್ವಿಯ ತಪಸ್ಸನ್ನು ನಾವು ಸಾಕಷ್ಟು ಹಾಡಿಲ್ಲವೆಂದೇ ನಮಗೆ ತೋರುತ್ತದೆ.

ಸಿರಿವಂತರೊಬ್ಬರ ಮನೆಯ ಸಮಾರಂಭಕ್ಕೆ ಈ ಕುಟುಂಬ ಹೋದಾಗ ನಡೆದುದನ್ನು ಹಿರಿಯರು ಹೇಳುತ್ತ ಬಂದಿದ್ದಾರೆ. ಹರಕು ಬಟ್ಟೆಯ ಬ್ರಾಹ್ಮಣನಿಗೆ ಊಟಕ್ಕೆ ಮುನ್ನ ಗಂಧ ತೇಯುವ ಕೆಲಸ ಹಚ್ಚಿದರಂತೆ. ಆಚಾರ್ಯರು ಬೇಸರಿಸದೆ, ಅಭ್ಯಾಸದಂತೆ ಅಗ್ನಿಸೂಕ್ತವನ್ನು ಪಠಿಸುತ್ತ ತೇಯ್ದರು. ಆ ಗಂಧ ಲೇಪಿಸಿಕೊಂಡವರ ಮೈಯೆಲ್ಲ ಉರಿಯತೊಡಗಿತು, ವರುಣಸೂಕ್ತದಿಂದ ತಣಿಯಿತು. ಗೃಹಸ್ಥರು ನಾಚಿ ಸತ್ಕರಿಸಿದರು. ಮಂತ್ರಶಕ್ತಿಯ ದೃಷ್ಟಾಂತವಾಗಿ ಈ ಕಥೆಯನ್ನು ಹೇಳುವುದುಂಟು. ಆದರೆ ಅನ್ನ ಬಯಸಿ ಬಂದವನ ಬಟ್ಟೆ ನೋಡಿ ಕೆಲಸ ಹಚ್ಚಿದ ಆ ಯಜಮಾನರ ನಡತೆಯೂ ಅದರಲ್ಲಿದೆಯಲ್ಲವೆ!

ಬಡತನ ತಾಳಲಾರದೆ ಕುಟುಂಬ ಮತ್ತೆ ಕುಂಭಕೋಣದ ಗುರುಸನ್ನಿಧಿಯನ್ನು ಸೇರಿತು. ಸಂನ್ಯಾಸದ ಪ್ರಸ್ತಾಪ ಬಂದಾಗ ಆಚಾರ್ಯರು ಹಿಂಜರಿದರು. ಹೆಂಡತಿ ಎಳೆಯ ವಯಸ್ಸಿನವಳು, ಮಗನ ಉಪನಯನವಾಗಿಲ್ಲ. ಉಪನಯನ ಮುಗಿಸಿ, 1621ರಲ್ಲಿ ತಂಜಾವೂರಿನಲ್ಲಿ ಆಶ್ರಮ ಸ್ವೀಕರಿಸಿದರು.

1671ರಲ್ಲಿ ಶ್ರೀಗಳು ವೃಂದಾವನಸ್ಥರಾದ ಮಂಚಾಲೆ, ಅಂದರೆ ಮಂತ್ರಾಲಯ, ತುಂಗಭದ್ರೆಯ ದಡದಲ್ಲಿದ್ದರೂ ಕ್ಷಾಮಕ್ಕೆ ಹೆಸರಾದ ಸೀಮೆಯದು. 1876ರಿಂದ 1878ರ ಮಹಾಕ್ಷಾಮ ಬಳ್ಳಾರಿ, ಕರ್ನೂಲು ಜಿಲ್ಲೆಗಳನ್ನು ಕಾಡಿತು. ಅಂತಹ ನೆಲದಲ್ಲಿ ಇಂದು ದಿನವೂ ಮಧ್ಯಾಹ್ನ ಯಾತ್ರಿಕರಿಗೆ ಅನ್ನದಾನ ನಡೆಯುತ್ತಿದೆ. ಬಂದವರನ್ನು ಗಂಧ ತೇಯಲು ಯಾರೂ ಕೂರಿಸುವುದಿಲ್ಲ.