ಹಲವು ಲೋಕಗಳ ಲೆಕ್ಕ ಬರೆದ ಹ್ಯೂ ಎವರೆಟ್

ಈ ಕಾಲೇಜಿಗೆ ಬಾರದೆ ಊರಲ್ಲೇ ಉಳಿದಿದ್ದರೆ ನಾನು ಏನಾಗಿರುತ್ತಿದ್ದೆ? ಹೀಗೆ ಒಮ್ಮೆಯಾದರೂ ಯೋಚಿಸದವರು ನಮ್ಮಲ್ಲಿ ಯಾರಿದ್ದಾರೆ ಹೇಳಿ! ಆಗದೆ ಹೋದದ್ದು ಇನ್ನೊಂದು ಜಗತ್ತಿನಲ್ಲಿ ಆಗಿರಬಹುದು ಎಂಬ ಮಾತನ್ನು ಕತೆಗಾರರು ಹೇಳಿದರೆ ಕೇಳಿ ಸುಮ್ಮನಾಗುತ್ತೇವೆ. ಅದನ್ನೇ ಗಣಿತದಲ್ಲಿ ಬರೆದು ಡಾಕ್ಟರೇಟ್ ಪಡೆದವನೊಬ್ಬನಿದ್ದ. ಅವನೇ ಅಮೆರಿಕದ ಹ್ಯೂ ಎವರೆಟ್.

ಎವರೆಟ್ ಹುಟ್ಟಿದ್ದು 1930ರ ನವೆಂಬರ್ 11ರಂದು, ವಾಷಿಂಗ್ಟನ್ ನಗರದಲ್ಲಿ. ತಂದೆ ಸೈನ್ಯದ ಅಧಿಕಾರಿ. ಹುಡುಗ ಚಿಕ್ಕವನಿರುವಾಗಲೇ ತಂದೆತಾಯಿ ಬೇರೆಯಾದರು. ಹನ್ನೆರಡರ ವಯಸ್ಸಿಗೇ ಈತ ಐನ್‌ಸ್ಟೈನರಿಗೆ ಕಾಗದ ಬರೆದ, ಅವರಿಂದ ಉತ್ತರವೂ ಬಂತು! 1953ರಲ್ಲಿ ರಾಸಾಯನಿಕ ಇಂಜಿನಿಯರಿಂಗ್ ಪದವಿ ಮುಗಿಸಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಸೇರಿದ. ಅಲ್ಲಿ ಈತನ ಗುರು ಜಾನ್ ವ್ಹೀಲರ್.

ಆಗ ಭೌತಶಾಸ್ತ್ರದಲ್ಲಿ ಒಂದು ತೊಡಕಿತ್ತು. ಎಲೆಕ್ಟ್ರಾನಿನಂಥ ಸೂಕ್ಷ್ಮ ಕಣ ಅಳೆಯುವ ತನಕ ಒಂದೇ ನೆಲೆಯಲ್ಲಿರುವುದಿಲ್ಲ. ಹಲವು ಸಾಧ್ಯತೆಗಳು ಬೆರೆತ ಸ್ಥಿತಿಯಲ್ಲಿರುತ್ತದೆ. 1926ರ ಶ್ರೋಡಿಂಗರ್ ಸಮೀಕರಣ ಹೇಳುವುದು ಇದನ್ನೇ. ಆದರೆ ಅಳೆದು ನೋಡಿದಾಗ ಸಿಗುವುದು ಒಂದೇ ಉತ್ತರ. ಉಳಿದ ಸಾಧ್ಯತೆಗಳೆಲ್ಲ ಎಲ್ಲಿ ಹೋದವು? ಅಳೆಯುವ ಕ್ಷಣದಲ್ಲಿ ಅವು ಕುಸಿದುಹೋಗುತ್ತವೆ ಎಂದು ಪಠ್ಯಪುಸ್ತಕಗಳು ಹೇಳುತ್ತಿದ್ದವು. ಸಮೀಕರಣದಲ್ಲಿ ಮಾತ್ರ ಆ ಕುಸಿತದ ಸುಳಿವೇ ಇಲ್ಲ.

ಎವರೆಟ್ ಹಿಡಿದದ್ದು ಇದೇ ಎಳೆಯನ್ನು. ಅಳೆಯುವ ಯಂತ್ರವೂ ಅಣುಗಳಿಂದಲೇ ಆದದ್ದು, ನೋಡುವ ಮನುಷ್ಯನೂ ಅಷ್ಟೇ. ಹಾಗಿದ್ದ ಮೇಲೆ ಕಣಕ್ಕೊಂದು ನಿಯಮ, ನಮಗೊಂದು ನಿಯಮ ಯಾಕೆ? ಒಂದೇ ಸಮೀಕರಣವನ್ನು ಎಲ್ಲಕ್ಕೂ ಹಚ್ಚಿ ನೋಡಿದ. ಆಗ ಯಾವ ಫಲವೂ ಅಳಿಯಲಿಲ್ಲ. ಕಣದ ಜತೆಗೆ ನೋಡುವವನೂ ಕವಲೊಡೆಯುತ್ತಾನೆ. ಒಂದೊಂದು ಕವಲಿನಲ್ಲೂ ಒಂದೊಂದು ಉತ್ತರ ಕಾಣುತ್ತಾನೆ, ತಾನು ಕಂಡದ್ದೇ ಎಲ್ಲ ಅಂದುಕೊಳ್ಳುತ್ತಾನೆ.

1956ರಲ್ಲಿ ವ್ಹೀಲರ್ ಈ ಪ್ರಬಂಧವನ್ನು ಕೋಪನ್‌ಹೇಗನ್‌ಗೆ, ನೀಲ್ಸ್ ಬೋರರ ಬಳಗಕ್ಕೆ ಒಯ್ದರು. ಅಲ್ಲಿ ಯಾರೂ ಒಪ್ಪಲಿಲ್ಲ. ಕೊನೆಗೆ ಬಹಳಷ್ಟು ಕತ್ತರಿಸಿ, ಮಾತು ಮೆದುಮಾಡಿ, 1957ರಲ್ಲಿ ಅಚ್ಚಾಯಿತು. ಓದಿದವರು ಬೆರಳೆಣಿಕೆಯಷ್ಟು ಜನ. 1959ರಲ್ಲಿ ಎವರೆಟ್ ತಾನೇ ಹೋಗಿ ಬೋರರನ್ನು ಕಂಡ. ಅದರಿಂದಲೂ ಏನೂ ಆಗಲಿಲ್ಲ.

ಅಷ್ಟರಲ್ಲಾಗಲೇ ಆತ ಭೌತಶಾಸ್ತ್ರಕ್ಕೆ ಬೆನ್ನು ತಿರುಗಿಸಿ ಪೆಂಟಗನ್‌ನಲ್ಲಿ ನೌಕರಿಗೆ ಸೇರಿದ್ದ. ಅಣುಯುದ್ಧವಾದರೆ ವಿಕಿರಣದ ಬೂದಿಯಿಂದ ಎಷ್ಟು ಜನ ಸತ್ತಾರು ಎಂದು ಲೆಕ್ಕ ಹಾಕುವ ಕೆಲಸ. ಇರುವ ಸೀಮಿತ ಸಾಧನವನ್ನು ಹೇಗೆ ಹಂಚಿದರೆ ಹೆಚ್ಚು ಫಲ ಎಂಬ ಪ್ರಶ್ನೆ ನಮ್ಮ ಕಾಮರ್ಸಿನವರಿಗೆ ಹೊಸದಲ್ಲ. ಅದಕ್ಕಾಗಿ ಈತ ಲಗ್ರಾಂಜ್ ಗುಣಕದ ವಿಧಾನವನ್ನು ವಿಸ್ತರಿಸಿ 1963ರಲ್ಲಿ ಪ್ರಕಟಿಸಿದ. ಮರುವರ್ಷ ಗೆಳೆಯರೊಡನೆ ಲ್ಯಾಂಬ್ಡಾ ಎಂಬ ಕಂಪನಿಯನ್ನೂ ತೆರೆದ. ಕೈಯಲ್ಲಿ ಹಣ ಓಡಾಡಿತು. ಸಿಗರೇಟು, ಕುಡಿತ ಬಿಡಲಿಲ್ಲ. ಮನೆಯಲ್ಲಿ ಹೆಂಡತಿ ಮಕ್ಕಳ ಜತೆ ಮಾತು ಬಲು ಕಮ್ಮಿ.

1970ರಲ್ಲಿ ಬ್ರೈಸ್ ಡಿವಿಟ್ ಎಂಬ ವಿಜ್ಞಾನಿ ಈ ಮರೆತ ಪ್ರಬಂಧದ ಬಗ್ಗೆ ಬರೆದರು. 1973ರಲ್ಲಿ ಅದರ ಮೂಲ ದೀರ್ಘರೂಪವನ್ನೂ ಸೇರಿಸಿ ಪುಸ್ತಕ ತಂದರು. 'ಅನೇಕ ಜಗತ್ತುಗಳು' ಎಂಬ ಹೆಸರು ಹರಡಿದ್ದು ಆಗಲೇ. 1977ರಲ್ಲಿ ಟೆಕ್ಸಾಸಿನ ಆಸ್ಟಿನ್‌ನಲ್ಲಿ ಎವರೆಟ್‌ನನ್ನು ಕರೆಸಿ ಭಾಷಣ ಮಾಡಿಸಿದರು. ತಡವಾದರೂ ಮನ್ನಣೆ ಬಂತು. ಅದಾಗಿ ಐದೇ ವರ್ಷಕ್ಕೆ, 1982ರ ಜುಲೈ 19ರಂದು, ಮಲಗಿದಲ್ಲೇ ಹೃದಯ ನಿಂತುಹೋಯಿತು. ಆಗ ವಯಸ್ಸು ಬರೀ ಐವತ್ತೊಂದು.

ಹಾಗಾದರೆ ಆ ಲೋಕಗಳು ನಿಜವೇ? ವಿಜ್ಞಾನಿಗಳಲ್ಲೇ ಎರಡು ಪಂಗಡಗಳಿವೆ. ಇಲ್ಲಿಯವರೆಗೆ ಯಾವ ಪ್ರಯೋಗವೂ ತೀರ್ಪು ಕೊಟ್ಟಿಲ್ಲ, ಯಾಕೆಂದರೆ ಬೇರೆ ವ್ಯಾಖ್ಯಾನಗಳಿಂದಲೂ ಅದೇ ಉತ್ತರಗಳು ಬರುತ್ತವೆ. ಅಲ್ಲಿಗೆ ಹೋಗಿಬರಬಹುದೇ ಎಂಬುದಕ್ಕೆ ಮಾತ್ರ ಎವರೆಟ್‌ನ ಗಣಿತದಲ್ಲೇ ಉತ್ತರವಿದೆ: ಇಲ್ಲ. ಕವಲೊಡೆದ ಕೂಡಲೇ ಅದರ ಗುರುತು ಸುತ್ತಲಿನ ಗಾಳಿಯ ಅಣುಗಳಿಗೆ, ಬೆಳಕಿನ ಕಣಗಳಿಗೆ ಅಂಟಿಕೊಂಡು ಹರಡಿಬಿಡುತ್ತದೆ. ಚಹಾಕ್ಕೆ ಬಿದ್ದ ಹಾಲನ್ನು ಮರಳಿ ಲೋಟಕ್ಕೆ ತೆಗೆಯೋಕಾಗುತ್ತಾ? ಇದೂ ಹಾಗೆಯೇ. ಕವಲಿನಿಂದ ಕವಲಿಗೆ ದಾರಿಯಿಲ್ಲ, ಕಾಗದಪತ್ರವೂ ಇಲ್ಲ.

ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. 1996ರಲ್ಲಿ ಎವರೆಟ್‌ನ ಮಗಳು ತನ್ನ ಪ್ರಾಣ ತಾನೇ ತೆಗೆದುಕೊಂಡಳು. ಬೇರೊಂದು ಜಗತ್ತಿನಲ್ಲಿ ಅಪ್ಪ ಸಿಕ್ಕಾನು ಎಂಬ ಆಸೆ ಅವಳು ಬಿಟ್ಟುಹೋದ ಚೀಟಿಯಲ್ಲಿತ್ತು. ಅಪ್ಪ ಬರೆದ ಸಮೀಕರಣದಲ್ಲಿ ಅಂಥ ಬಾಗಿಲು ಎಲ್ಲೂ ಇರಲಿಲ್ಲ. ಒಂದೇ ಮನೆಯಲ್ಲಿದ್ದಾಗ ಆಡಬೇಕಿದ್ದ ಮಾತುಗಳು ಹಾಗೇ ಉಳಿದುಹೋಗಿದ್ದವು.

ಎವರೆಟ್‌ನ ಬುದ್ಧಿಗೆ ತಲೆಬಾಗೋಣ. ಲೋಕಗಳು ಎಷ್ಟಾದರೂ ಇರಲಿ ಮಿತ್ರರೇ, ನಮ್ಮ ಅಪ್ಪ, ಅಮ್ಮ, ಗೆಳೆಯರು ನಮ್ಮ ಕೈಗೆ ಸಿಗುವುದು ಈ ಲೋಕದಲ್ಲಿ ಮಾತ್ರ. ಅವರ ಬಾಕಿಯನ್ನು ಇಲ್ಲೇ ಸಲ್ಲಿಸಬೇಕು.