ಸಾಲ, ಸೇನೆ ಮತ್ತು ಸುರಪುರ: ಮೆಡೋಸ್ ಟೇಲರ್‌ನ ಬದುಕಿನ ಮರುಓದು

ಕೃಷ್ಣಾ-ತುಂಗಭದ್ರಾ ನದಿಗಳ ನಡುವಣ ರಾಯಚೂರು ದೋಆಬ್ ಹಾಗೂ ಕೃಷ್ಣೆಯ ಆಚೆಗಿನ ಸುರಪುರ ಸೀಮೆಯ ಹತ್ತೊಂಬತ್ತನೆಯ ಶತಮಾನದ ಚರಿತ್ರೆಯನ್ನು ಬರೆಯುವವರು ಫಿಲಿಪ್ ಮೆಡೋಸ್ ಟೇಲರ್‌ನನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಅವನನ್ನು ಪ್ರಜಾಹಿತೈಷಿ ಆಡಳಿತಗಾರನೆಂದು ಕೊಂಡಾಡುವುದು ಒಂದು ಪರಂಪರೆ. ಸುರಪುರದ ಸ್ವಾತಂತ್ರ್ಯವನ್ನು ಕಸಿದ ವಸಾಹತುಶಾಹಿಯ ಪ್ರತಿನಿಧಿಯೆಂದು ಕಾಣುವುದು ಇನ್ನೊಂದು. ಇವೆರಡೂ ವ್ಯಕ್ತಿಯ ಗುಣಾವಗುಣಗಳ ಸುತ್ತಲೇ ಸುತ್ತುತ್ತವೆ. ಅವನ ಬದುಕನ್ನು ಆ ಕಾಲದ ಬ್ರಿಟಿಷ್ ರಾಜಕೀಯ ಹಾಗೂ ಅರ್ಥವ್ಯವಸ್ಥೆಯ ಹಿನ್ನೆಲೆಯಲ್ಲಿ, ವಿಶೇಷವಾಗಿ ಸಾಲದ ರಾಜಕಾರಣದ ಹಿನ್ನೆಲೆಯಲ್ಲಿ ಇಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಟೇಲರ್ ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು, ಲಿವರ್‌ಪೂಲ್ ನಗರದ ವ್ಯಾಪಾರಿ ಕುಟುಂಬದಲ್ಲಿ. ಹದಿನೈದರ ಹರೆಯದಲ್ಲಿ ಮುಂಬಯಿಯ ವರ್ತಕನೊಬ್ಬನ ಬಳಿ ಗುಮಾಸ್ತೆಯಾಗಿ ದುಡಿಯಲು ಭಾರತಕ್ಕೆ ಹೊರಟ. ವರ್ತಕನ ವ್ಯವಹಾರ ಕುಸಿದಿತ್ತು. ಹೀಗಾಗಿ 1824ರಲ್ಲಿ ಹೈದರಾಬಾದಿನ ನಿಜಾಮನ ಸೇನೆಯಲ್ಲಿ ನೌಕರಿ ಹಿಡಿದ. ಈಸ್ಟ್ ಇಂಡಿಯಾ ಕಂಪನಿಯ ನೇರ ಸೇವೆಗೆ ಸೇರದ ಈ ಬಗೆಯ ಅಧಿಕಾರಿಗಳು ಸಂಬಳ ಪಡೆಯುತ್ತಿದ್ದುದು ನಿಜಾಮನಿಂದ, ನಡೆಯುತ್ತಿದ್ದುದು ಬ್ರಿಟಿಷ್ ರೆಸಿಡೆಂಟನ ಇಚ್ಛೆಯಂತೆ. ಟೇಲರ್‌ನ ಇಡೀ ವೃತ್ತಿಜೀವನ ಈ ದ್ವಂದ್ವದಲ್ಲಿ ರೂಪುಗೊಂಡಿತು.

ಅವನು ಮದುವೆಯಾದ ಮೇರಿ ಪಾಮರ್, ಹೈದರಾಬಾದಿನ ಪ್ರಸಿದ್ಧ ಲೇವಾದೇವಿಗಾರ ವಿಲಿಯಂ ಪಾಮರ್‌ನ ಮಗಳು. ಪಾಮರ್ ಕಂಪನಿಯ ಕಥೆ ಇಲ್ಲಿ ಪ್ರಸ್ತುತ. ದೇಶೀಯ ದೊರೆಗಳಿಗೆ ಐರೋಪ್ಯರು ಸಾಲ ಕೊಡುವುದಕ್ಕೆ ನಿರ್ಬಂಧವಿದ್ದರೂ 1816ರಲ್ಲಿ ಗವರ್ನರ್ ಜನರಲ್‌ನಿಂದ ವಿನಾಯಿತಿ ಪಡೆದು, ಈ ಸಂಸ್ಥೆ ನಿಜಾಮ ಸರ್ಕಾರಕ್ಕೆ ಭಾರಿ ಬಡ್ಡಿಗೆ ಹಣ ಕೊಟ್ಟಿತು. ಆ ಹಣದ ದೊಡ್ಡ ಪಾಲು ಬ್ರಿಟಿಷ್ ಅಧಿಕಾರಿಗಳ ಹಿಡಿತದಲ್ಲಿದ್ದ ಸೇನೆಯ ಸಂಬಳಕ್ಕೇ ಹೋಗುತ್ತಿತ್ತು. ರೆಸಿಡೆಂಟ್ ಚಾರ್ಲ್ಸ್ ಮೆಟ್ಕಾಫ್ ಇದನ್ನು ವಿರೋಧಿಸಿದ. ಕೊನೆಗೆ ಸಾಲ ತೀರಿಸಲು ಕಂಪನಿ ಸರ್ಕಾರ ಮುಂದೆ ಬಂದಾಗ, ಉತ್ತರ ಸರ್ಕಾರ್ ಪ್ರಾಂತಗಳಿಂದ ತನಗೆ ಸಲ್ಲಬೇಕಿದ್ದ ವಾರ್ಷಿಕ ಕಾಣಿಕೆಯನ್ನು ನಿಜಾಮ ಸುಮಾರು 1 ಕೋಟಿ 16 ಲಕ್ಷ ರೂಪಾಯಿಗೆ ಶಾಶ್ವತವಾಗಿ ಬಿಟ್ಟುಕೊಡಬೇಕಾಯಿತು. ಸಾಲದಾತ ಬದಲಾದ, ಸಾಲದ ತರ್ಕ ಬದಲಾಗಲಿಲ್ಲ.

1841ರಲ್ಲಿ ಸುರಪುರದ ದೊರೆ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಉತ್ತರಾಧಿಕಾರಿ ವೆಂಕಟಪ್ಪ ನಾಯಕ ಇನ್ನೂ ಬಾಲಕ. ನಿಜಾಮನಿಗೆ ಸಲ್ಲಬೇಕಾದ ಕಾಣಿಕೆಯ ಬಾಕಿ ಬೆಳೆದಿತ್ತು. ಈ ಸಂದರ್ಭದಲ್ಲಿ ಟೇಲರ್ ಸುರಪುರಕ್ಕೆ ಬಂದ. ರಾಣಿ ಈಶ್ವರಮ್ಮನ ಅಧಿಕಾರವನ್ನು ಮೊಟಕುಗೊಳಿಸಿ, 1853ರವರೆಗೆ ಸಂಸ್ಥಾನದ ಆಡಳಿತವನ್ನು ತನ್ನ ಕೈಯಲ್ಲಿಟ್ಟುಕೊಂಡ. ಭೂಕಂದಾಯವನ್ನು ವ್ಯವಸ್ಥಿತಗೊಳಿಸಿದ; ಕೆರೆಗಳ ಕೆಲಸ ಮಾಡಿಸಿದ. ಬೋನಾಳ ಕೆರೆಯೊಂದಿಗೆ ಅವನ ಹೆಸರು ಇಂದಿಗೂ ಬೆಸೆದುಕೊಂಡಿದೆ. ರಾಜನ್‌ಕೋಳೂರು ಮೊದಲಾದೆಡೆಯ ಬೃಹತ್ ಶಿಲಾಗೋರಿಗಳನ್ನು ಕುರಿತು ಅವನು ಬರೆದ ವರದಿಗಳು ದಕ್ಷಿಣ ಭಾರತದ ಪ್ರಾಗಿತಿಹಾಸ ಅಧ್ಯಯನದ ಆರಂಭಿಕ ಮೈಲಿಗಲ್ಲುಗಳು. ಇವುಗಳ ಮೌಲ್ಯವನ್ನು ಅಲ್ಲಗಳೆಯಬೇಕಿಲ್ಲ. ಆದರೆ ಹಿಡಿತಕ್ಕೆ ಬಂದ ಕಂದಾಯ ಮೊದಲು ಹರಿದದ್ದು ಬಾಕಿಯ ತೀರುವಳಿಗೆ ಎಂಬುದನ್ನೂ ಗಮನಿಸಬೇಕು. ಸುಧಾರಣೆ ಮತ್ತು ವಸೂಲಿ ಒಂದೇ ಆಡಳಿತದ ಎರಡು ಮುಖಗಳಾಗಿದ್ದವು. ಈ ಆಡಳಿತದ ಬೆನ್ನಿಗಿದ್ದುದು ನಿಜಾಮನ ಖರ್ಚಿನಲ್ಲಿ ಬ್ರಿಟಿಷ್ ಅಧಿಕಾರಿಗಳು ನಡೆಸುತ್ತಿದ್ದ ಹೈದರಾಬಾದ್ ಕಂಟಿಂಜೆಂಟ್ ಪಡೆ. ಅದರ ದಂಡು ಕೃಷ್ಣೆಯ ಈಚೆಗೆ, ಲಿಂಗಸುಗೂರಿನಲ್ಲಿ ಬೀಡುಬಿಟ್ಟಿತ್ತು.

1800ರ ಒಪ್ಪಂದದಂತೆ ನಿಜಾಮ ಯುದ್ಧಕಾಲದಲ್ಲಿ ಮಾತ್ರ ಸೈನ್ಯ ಒದಗಿಸಬೇಕಿತ್ತು. ಶಾಂತಿಕಾಲದಲ್ಲಿಯೂ ಖಾಯಂ ಆಗಿ ಉಳಿದ ಕಂಟಿಂಜೆಂಟ್‌ನ ಸಂಬಳ ಬಾಕಿಯಾಯಿತು. ಬಾಕಿಯನ್ನು ಕಂಪನಿ ತುಂಬಿ ಅದನ್ನು ನಿಜಾಮನ ಸಾಲವೆಂದು ಬರೆದುಕೊಂಡಿತು. ಈ ಸಾಲಕ್ಕಾಗಿ 1853ರ ಮೇ ತಿಂಗಳ ಒಪ್ಪಂದದಲ್ಲಿ ಬೇರಾರ್, ನಳದುರ್ಗ ಹಾಗೂ ರಾಯಚೂರು ದೋಆಬ್ ಬ್ರಿಟಿಷರ ವಶವಾದವು. ಲಿಂಗಸುಗೂರು, ಮುದಗಲ್ಲು, ಮಸ್ಕಿ ಸೀಮೆಯ ಎರೆಭೂಮಿಯ ರೈತ, ತಾನು ಮಾಡದ ಸಾಲಕ್ಕೆ ಜಾಮೀನಾದ. ಟೇಲರ್ ನಳದುರ್ಗದ ಆಡಳಿತಕ್ಕೆ ನಿಯುಕ್ತನಾದ.

ಅದೇ ವರ್ಷ ಲಂಡನ್ನಿನಲ್ಲಿ ಕಂಪನಿಯ ಸನ್ನದಿನ ನವೀಕರಣ ಚರ್ಚೆಯಲ್ಲಿತ್ತು. 1840ರಿಂದ 1853ರವರೆಗೆ ಟೇಲರ್ ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಭಾರತದಿಂದ ಬರೆಯುತ್ತಿದ್ದ. ಇತ್ತ ಲಂಡನ್ನಿನಲ್ಲಿ ನೆಲೆಸಿದ್ದ ಕಾರ್ಲ್ ಮಾರ್ಕ್ಸ್ 1853ರಲ್ಲಿ ‘ನ್ಯೂಯಾರ್ಕ್ ಡೈಲಿ ಟ್ರಿಬ್ಯೂನ್’ ಪತ್ರಿಕೆಗೆ ಭಾರತವನ್ನು ಕುರಿತ ಲೇಖನಮಾಲೆ ಬರೆದ. ಸಹಾಯಕ ಸೈನ್ಯದ ಒಪ್ಪಂದಗಳು ದೇಶೀಯ ಸಂಸ್ಥಾನಗಳನ್ನು ಹೆಸರಿಗಷ್ಟೇ ಉಳಿಸಿ ಒಳಗಿನಿಂದ ಟೊಳ್ಳಾಗಿಸಿದ ಬಗೆಯನ್ನು ಅವನು ಗುರುತಿಸಿದ. ಟೇಲರ್ ಆಡಳಿತದ ಒಳಗೆ ನಿಂತು ದುರಾಡಳಿತ ಕಂಡ. ಮಾರ್ಕ್ಸ್ ಹೊರಗೆ ನಿಂತು ಆ ದುರಾಡಳಿತವನ್ನು ಉತ್ಪಾದಿಸುವ ವ್ಯವಸ್ಥೆಯನ್ನು ಕಂಡ. ಸುರಪುರದ ದಾಖಲೆಗಳನ್ನು ಓದಲು ಈ ಎರಡನೆಯ ನೋಟವೂ ಬೇಕು.

1858ರ ಫೆಬ್ರುವರಿಯಲ್ಲಿ ವೆಂಕಟಪ್ಪ ನಾಯಕ ಬಂಡೆದ್ದ. ಲಿಂಗಸುಗೂರಿನ ದಂಡೂ ಸೇರಿದಂತೆ ಬ್ರಿಟಿಷ್ ಪಡೆಗಳು ಸುರಪುರವನ್ನು ಮುತ್ತಿದವು. ನಾಯಕ ಹೈದರಾಬಾದಿನಲ್ಲಿ ಸೆರೆಯಾದ. ಮರಣದಂಡನೆ ನಾಲ್ಕು ವರ್ಷಗಳ ಸೆರೆವಾಸಕ್ಕೆ ಇಳಿದರೂ, ಸೆರೆಗೆ ಒಯ್ಯುವ ದಾರಿಯಲ್ಲಿ ಗುಂಡೇಟಿನಿಂದ ಸತ್ತ. ಬ್ರಿಟಿಷ್ ಕಥನ ಇದನ್ನು ಆತ್ಮಹತ್ಯೆಯೆನ್ನುತ್ತದೆ. ತಾನು ಬಾಲ್ಯದಿಂದ ಬಲ್ಲ ದೊರೆಯ ಸಂಸ್ಥಾನಕ್ಕೆ ಟೇಲರ್ ಈಗ ಕಮಿಷನರ್ ಆಗಿ ಮರಳಿದ.

1860ರ ಒಪ್ಪಂದದಲ್ಲಿ ನಿಜಾಮನ 50 ಲಕ್ಷ ರೂಪಾಯಿ ಸಾಲ ಮನ್ನಾ ಆಯಿತು. ರಾಯಚೂರು ದೋಆಬ್ ಮತ್ತು ನಳದುರ್ಗ ಮರಳಿದವು. ನಿಷ್ಠೆಯ ಬಹುಮಾನವಾಗಿ ಸುರಪುರ ನಿಜಾಮನ ಪಾಲಾಯಿತು. ಹನ್ನೆರಡು ವರ್ಷ ಟೇಲರ್ ಕಟ್ಟಿದ ಆಡಳಿತ, ಬೇಡ ನಾಯಕರ ಶತಮಾನಗಳ ಸಂಸ್ಥಾನ, ಎರಡೂ ಲೆಕ್ಕಪತ್ರದ ಒಂದು ಬಾಬತ್ತಾದವು. ಅಲ್ಲಿನ ಜನರನ್ನು ಯಾರೂ ಕೇಳಲಿಲ್ಲ.

ಅದೇ ವರ್ಷ ಟೇಲರ್ ಸ್ವದೇಶಕ್ಕೆ ಮರಳಿ, ‘ತಾರಾ’, ‘ಸೀತಾ’ ಮೊದಲಾದ ಕಾದಂಬರಿಗಳನ್ನು ಬರೆದ. 1876ರಲ್ಲಿ ಫ್ರಾನ್ಸಿನ ಮಾಂತೋನಿನಲ್ಲಿ ತೀರಿಕೊಂಡ. ಆತ್ಮಕಥೆ ಮರುವರ್ಷ ಪ್ರಕಟವಾಯಿತು. ಸುರಪುರವನ್ನು ಕುರಿತ ನಮ್ಮ ತಿಳಿವಳಿಕೆ ಬಹುಮಟ್ಟಿಗೆ ಈ ಆತ್ಮಕಥೆಯನ್ನೇ ಅವಲಂಬಿಸಿದೆ. ಅದರಲ್ಲಿ ಟೇಲರ್‌ನ ಕರುಣೆ ವಿವರವಾಗಿ ದೊರೆಯುತ್ತದೆ. ಆ ಕರುಣೆಯ ಮಿತಿಯನ್ನು ನಿರ್ಧರಿಸಿದ ಸಾಲದ ಲೆಕ್ಕ ಚದುರಿಹೋಗಿದೆ. ಅದನ್ನು ಒಪ್ಪಂದಗಳು, ಕಂದಾಯ ದಾಖಲೆಗಳು ಹಾಗೂ ಈ ಸೀಮೆಯ ಮೌಖಿಕ ಪರಂಪರೆಯಿಂದ ಮತ್ತೆ ಜೋಡಿಸಿದಾಗ ಮಾತ್ರ ದೋಆಬಿನ ರೈತನಿಗೂ ಈ ಚರಿತ್ರೆಯಲ್ಲಿ ಸ್ಥಾನ ದೊರೆತೀತು.