ಕಾಣದ್ದನ್ನು ಎಣಿಸಿ ಹಿಡಿದ ಕಾರೆನ್ಸ್

ನಮ್ಮ ಮೆಸ್ಸಿನ ಪಲ್ಯಕ್ಕೆ ಬರೋ ತೊಂಡೆಕಾಯಿ ಇದೆಯಲ್ಲ, ಅದರ ಬಳ್ಳಿಯಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಕಾಯಿ ಬಿಡೋದು ಹೆಣ್ಣು ಬಳ್ಳಿ ಮಾತ್ರ. ಹಾಗಾದರೆ ಬಳ್ಳಿ ಗಂಡಾಗೋದೋ ಹೆಣ್ಣಾಗೋದೋ ಅಂತ ತೀರ್ಮಾನ ಆಗೋದು ಎಲ್ಲಿ? ಈ ಪ್ರಶ್ನೆಗೆ ಸಸ್ಯಗಳಲ್ಲಿ ಮೊದಲು ಪ್ರಯೋಗ ಮಾಡಿ ಉತ್ತರ ಹುಡುಕಿದವರು ಜರ್ಮನಿಯ ಕಾರ್ಲ್ ಕಾರೆನ್ಸ್. ಅವರು ಆರಿಸಿಕೊಂಡ ಬಳ್ಳಿಯೂ ತೊಂಡೆಯ ಕುಟುಂಬದ್ದೇ.

ಕಾರೆನ್ಸ್ ಹುಟ್ಟಿದ್ದು 1864ರಲ್ಲಿ, ಮ್ಯೂನಿಕ್‌ನಲ್ಲಿ. ತಂದೆ ಚಿತ್ರಕಾರ. ಚಿಕ್ಕ ವಯಸ್ಸಿನಲ್ಲೇ ತಂದೆ-ತಾಯಿ ಇಬ್ಬರೂ ತೀರಿಕೊಂಡರು. ಸಂಬಂಧಿಕರ ಆಸರೆಯಲ್ಲಿ ಓದಿ ಸಸ್ಯವಿಜ್ಞಾನಿಯಾದರು. ಬಟಾಣಿ, ಮೆಕ್ಕೆಜೋಳಗಳ ಮೇಲೆ ವರ್ಷಗಟ್ಟಲೆ ದುಡಿದು ಆನುವಂಶಿಕತೆಯ ನಿಯಮ ಕಂಡುಕೊಂಡಾಗ, ಅದನ್ನು ಮೆಂಡೆಲ್ 1866ರಲ್ಲೇ ಪ್ರಕಟಿಸಿದ್ದು ಗೊತ್ತಾಯಿತು. 1900ರ ತಮ್ಮ ಲೇಖನದ ಶೀರ್ಷಿಕೆಯಲ್ಲೇ ಅದನ್ನು ಮೆಂಡೆಲರ ನಿಯಮ ಅಂತ ಕರೆದರು.

ಆಮೇಲೆ ಕೈಹಾಕಿದ್ದು ಬ್ರಯೋನಿಯಾ ಬಳ್ಳಿಗೆ. ಅದರ ಒಂದು ಜಾತಿಯಲ್ಲಿ ಗಂಡು-ಹೆಣ್ಣು ಬಳ್ಳಿಗಳು ಬೇರೆ ಬೇರೆ. ಇನ್ನೊಂದರಲ್ಲಿ ಒಂದೇ ಬಳ್ಳಿಯಲ್ಲಿ ಎರಡೂ ಬಗೆಯ ಹೂ. ಮೊದಲ ಜಾತಿಯ ಹೆಣ್ಣು ಹೂವಿಗೆ ಎರಡನೆಯದರ ಪರಾಗ ಹಾಕಿದರೆ ಹುಟ್ಟಿದ್ದು ಹೆಚ್ಚುಕಡಿಮೆ ಎಲ್ಲವೂ ಹೆಣ್ಣು. ತಿರುಗಿಸಿ, ಎರಡನೆಯದರ ಹೆಣ್ಣು ಹೂವಿಗೆ ಮೊದಲನೆಯದರ ಪರಾಗ ಹಾಕಿದರೆ ಅರ್ಧ ಗಂಡು, ಅರ್ಧ ಹೆಣ್ಣು. ಅಂದರೆ ಮೊದಲ ಜಾತಿಯ ಅಂಡಗಳೆಲ್ಲ ಒಂದೇ ಬಗೆ. ಪರಾಗದಲ್ಲಿ ಮಾತ್ರ ಎರಡು ಬಗೆ. ತೀರ್ಮಾನ ಆಗೋದು ಗಂಡಿನ ಕಡೆಯಿಂದ! ಬಿಚ್ಚಿ ನೋಡೋಕಾಗದ ಸರ್ಕ್ಯೂಟಿಗೆ ನಾವು ಇನ್‌ಪುಟ್ ಬದಲಿಸಿ ಔಟ್‌ಪುಟ್ ಅಳೀತೀವಲ್ಲ, ಅದೇ ದಾರಿ. ಕ್ರೋಮೋಸೋಮನ್ನು ಕಣ್ಣಾರೆ ನೋಡದೆ, ಬರೀ ಸಸಿಗಳನ್ನು ಎಣಿಸಿ 1907ರಲ್ಲಿ ಇದನ್ನು ಪ್ರಕಟಿಸಿದರು.

ಕಣ್ಣಿಗೆ ಕಾಣುವ ಸಾಕ್ಷಿಯೂ ಅವರು ಬದುಕಿದ್ದಾಗಲೇ ಸಿಕ್ಕಿತು. 1923ರಲ್ಲಿ ಇಂಗ್ಲೆಂಡಿನ ಕ್ಯಾಥ್ಲೀನ್ ಬ್ಲ್ಯಾಕ್‌ಬರ್ನ್, ಡೆನ್ಮಾರ್ಕಿನ ವಿಂಗೆ ಇಬ್ಬರೂ ಬೇರೆ ಬೇರೆಯಾಗಿ ಮೆಲಾಂಡ್ರಿಯಮ್ ಅನ್ನೋ ಹೂಗಿಡದ ಗಂಡಿನಲ್ಲಿ ಅಳತೆ ಹೊಂದದ ಎಕ್ಸ್-ವೈ ಜೋಡಿಯನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸಿದರು. ಮನುಷ್ಯರಲ್ಲಿ ವೈ ಚಿಕ್ಕದು. ಆ ಗಿಡದಲ್ಲಿ ವೈ ದೊಡ್ಡದು. ನಮ್ಮ ತೊಂಡೆಯಲ್ಲೂ ಅಷ್ಟೇ.

ಕಾರೆನ್ಸ್ 1933ರಲ್ಲಿ ಬರ್ಲಿನ್‌ನಲ್ಲಿ ತೀರಿಕೊಂಡರು. ಅಚ್ಚಾಗದೆ ಉಳಿದಿದ್ದ ಅವರ ಹಸ್ತಪ್ರತಿಗಳು 1945ರ ಬಾಂಬ್ ದಾಳಿಯಲ್ಲಿ ನಾಶವಾದವು. ನಮಗಿವತ್ತು ಸಿಗೋದು ಅವರು ಬರೆದು ಮುಗಿಸಿ ಪ್ರಕಟಿಸಿದ್ದಷ್ಟೇ. ರಿಪೋರ್ಟ್ ಆಮೇಲೆ ಬರೆದರಾಯ್ತು ಬಿಡು ಅನ್ನೋ ನಮಗೆಲ್ಲ ಇದು ನೆನಪಿರಲಿ.